425 ದಿನಾರಿಯ ಗ್ರಂಥ: ಎಣಿಕೆಗೆ ಸಿಕ್ಕ ಸಾಲು, ಎಣಿಕೆಗೆ ಸಿಗದ ಕ್ರಮ

ಕ್ರಿ.ಶ. 301ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಗರಿಷ್ಠ ಬೆಲೆಗಳ ಪಟ್ಟಿಯಲ್ಲಿ ಲಿಪಿಕಾರನ ಕೂಲಿಯೂ ಇದೆ. ಉತ್ತಮ ದರ್ಜೆಯ ಬರವಣಿಗೆಗೆ 100 ಸಾಲಿಗೆ 25 ದಿನಾರಿ, ಎರಡನೇ ದರ್ಜೆಗೆ 20 ದಿನಾರಿ. ಅದೇ ಪಟ್ಟಿಯಲ್ಲಿ ಹೊಲದ ಆಳಿಗೆ ಊಟದ ಮೇಲೆ ದಿನಕ್ಕೆ 25 ದಿನಾರಿ. ಎಂದರೆ 100 ಸಾಲು ಪ್ರತಿ ಮಾಡಿದವನಿಗೆ ಸಿಗುತ್ತಿದ್ದದ್ದು ಒಂದು ದಿನದ ಹೊಲಗೆಲಸದ ಕೂಲಿ.

ಇಲ್ಲಿ ಸಾಲು ಎಂದರೆ ಪುಟದ ಸಾಲಲ್ಲ. ಗ್ರೀಕರು ‘ಸ್ಟಿಕೋಸ್’ ಎಂದು ಕರೆದ, ಸುಮಾರು 15–16 ಅಕ್ಷರೋಚ್ಚಾರಗಳ ಅಳತೆ. ಲಿಪಿಕಾರನಿಗೆ ಹಣ ಎಣಿಸಲು ಈ ಅಳತೆ ಬೇಕಿತ್ತು. ಕೊಂಡವನಿಗೆ ಗ್ರಂಥ ಪೂರ್ತಿಯಾಗಿದೆಯೇ ಎಂದು ನೋಡಲೂ ಬೇಕಿತ್ತು. 9ನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧಿಕಾರಿ ನಿಕಿಫೊರಸನ ಹೆಸರಿನಲ್ಲಿ ಬಂದಿರುವ ಪಟ್ಟಿ ಬೈಬಲಿನ ಪ್ರತಿ ಗ್ರಂಥದ ಸಾಲಿನ ಲೆಕ್ಕ ಕೊಡುತ್ತದೆ. ಪ್ರಾಚೀನ ಹೀಬ್ರೂ ಜ್ಞಾನಸಾಹಿತ್ಯದ ನಾಲ್ಕು ಗ್ರಂಥಗಳಿಗೆ ಅದರಲ್ಲಿರುವ ಅಂಕಿ ಹೀಗೆ: ಜ್ಞಾನೋಕ್ತಿಗಳು 1,700, ಪ್ರಸಂಗಿ 750, ಯೋಬ 1,800, ಸಿರಾಖ 2,800. ಒಟ್ಟು 7,050.

ಜ್ಞಾನೋಕ್ತಿಗಳ 1,700 ಸಾಲಿಗೆ ಉತ್ತಮ ದರದಲ್ಲಿ 425 ದಿನಾರಿ, ಹೊಲದ ಕೂಲಿಯ ಲೆಕ್ಕದಲ್ಲಿ 17 ದಿನ. ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿ (ಈ ಊರಿನ ಮಾತು ಕೊನೆಗೆ ಬರುತ್ತದೆ) ಇದನ್ನು ರೂಪಾಯಿಗೆ ತಿರುಗಿಸಲು ಸುಲಭದ ಅಳತೆ ಉದ್ಯೋಗ ಖಾತ್ರಿ ಕೂಲಿ. ಕರ್ನಾಟಕದಲ್ಲಿ ಅದು 2023–24ರಲ್ಲಿ ದಿನಕ್ಕೆ 316 ರೂಪಾಯಿ, 2024–25ರಲ್ಲಿ 349, 2025–26ರಲ್ಲಿ 370. ಈ ದರದಲ್ಲಿ 17 ದಿನಕ್ಕೆ ಮೊದಲ ವರ್ಷ 5,372 ರೂಪಾಯಿ. ಮರುವರ್ಷ ಶೇ 10.4 ಏರಿ 5,933; ಅದರ ಮರುವರ್ಷ ಶೇ 6 ಏರಿ 6,290. ರೋಮನ್ ಕೂಲಿಯಲ್ಲಿ ಊಟ ಸೇರಿತ್ತು, ಖಾತ್ರಿ ಕೂಲಿಯಲ್ಲಿ ಸೇರಿಲ್ಲ. ಹೀಬ್ರೂ ಲಿಪಿಕಾರರು ಡಯೊಕ್ಲೀಷಿಯನ್ನನ ಪಟ್ಟಿಗಿಂತ ಶತಮಾನಗಳ ಹಿಂದಿನವರು. ಆದ್ದರಿಂದ ಇದು ಅಳತೆಗೋಲು ಮಾತ್ರ, ಬಿಲ್ಲು ಅಲ್ಲ.

ಈ ಲೆಕ್ಕದಿಂದ ಒಂದು ಸಂಗತಿ ಹೊರಬೀಳುತ್ತದೆ. ಕೊಂಡವನು ಹಣ ಕೊಟ್ಟದ್ದು ಸಾಲಿಗೆ. 1,700ರ ಬದಲು 1,650 ಬಂದರೆ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ. 1,700 ಸಾಲೂ ಇದ್ದು ಕೊನೆಯ ಭಾಗ ನಡುವೆ ಬಂದಿದ್ದರೆ ಮೊತ್ತ ಬದಲಾಗುವುದಿಲ್ಲ, ಕೂಲಿಯೂ ಬದಲಾಗುವುದಿಲ್ಲ. ಈ ಗ್ರಂಥಗಳ ಜೋಡಣೆಯ ಬಗ್ಗೆ ವಿದ್ವಾಂಸರು ಎತ್ತುತ್ತಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಬಿರುಕಿನಿಂದ ಹುಟ್ಟಿದವು.

ಜ್ಞಾನೋಕ್ತಿಗಳ ಹೀಬ್ರೂ ಪಾಠದಲ್ಲಿ 31 ಅಧ್ಯಾಯ, 915 ವಾಕ್ಯ. (ಕನ್ನಡ ಬೈಬಲ್ ಇವನ್ನು ‘ವಚನ’ ಎನ್ನುತ್ತದೆ, ಮುಂದೆ ಶರಣರ ವಚನಗಳ ಲೆಕ್ಕವೂ ಬರುವುದರಿಂದ ಇಲ್ಲಿ ‘ವಾಕ್ಯ’ ಎಂದಿದೆ.) ಅಧ್ಯಾಯಗಳ ಅಂಕಿ 13ನೇ ಶತಮಾನದ್ದು, ವಾಕ್ಯಗಳ ಅಂಕಿ ಮುದ್ರಣಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಮೂಲದಲ್ಲಿ ಇರುವ ವಿಭಾಗ ಬೇರೆ: ಗ್ರಂಥದೊಳಗೇ ಏಳು ತಲೆಬರಹಗಳಿವೆ. ಅವುಗಳ ಪ್ರಕಾರ 1–9ನೇ ಅಧ್ಯಾಯ 256 ವಾಕ್ಯ, ಶೇ 28. 10:1ರಿಂದ 22:16ರವರೆಗೆ 375, ಶೇ 41. ಜ್ಞಾನಿಗಳ ಮಾತುಗಳು ಎಂಬ ಭಾಗ 70, ಶೇ 7.7. ಅದಕ್ಕೆ ಅಂಟಿದ ಇನ್ನೊಂದು ತುಣುಕು 12, ಶೇ 1.3. 25–29ನೇ ಅಧ್ಯಾಯ 138, ಶೇ 15.1. ಆಗೂರನ ಹೆಸರಿನ 30ನೇ ಅಧ್ಯಾಯ 33, ಶೇ 3.6. ಲೆಮೂವೇಲನ ಹೆಸರಿನ 31ನೇ ಅಧ್ಯಾಯ 31, ಶೇ 3.4, ಇದರ ಕೊನೆಯ 22 ವಾಕ್ಯ ಗುಣವತಿ ಹೆಂಡತಿಯ ಮೇಲಿನ ಪದ್ಯ.

ಐದನೆಯ ತಲೆಬರಹದಲ್ಲಿ ಒಂದು ಇಸವಿ ಅಡಗಿದೆ. ಸೊಲೊಮೋನನ ಈ ಮಾತುಗಳನ್ನು ಯೆಹೂದದ ಅರಸ ಹಿಜ್ಕೀಯನ ಜನರು ಪ್ರತಿ ಮಾಡಿದರು ಎಂದು ಅದು ಹೇಳುತ್ತದೆ. ಸೊಲೊಮೋನ ಕ್ರಿ.ಪೂ. 10ನೇ ಶತಮಾನದವನು, ಹಿಜ್ಕೀಯ 8ನೇ ಶತಮಾನದ ಕೊನೆಯವನು. ಹೇಳಿದವನಿಗೂ ಜೋಡಿಸಿದವರಿಗೂ ನಡುವೆ 200 ವರ್ಷಕ್ಕೂ ಹೆಚ್ಚು ಅಂತರವಿದೆ ಎಂದು ಗ್ರಂಥವೇ ಒಪ್ಪಿಕೊಂಡಿದೆ. ಸಂಪಾದಕರ ಕೈ ಇದೆ ಎನ್ನಲು ಆಧುನಿಕ ವಿದ್ವಾಂಸರ ಊಹೆಯೇ ಬೇಕಿಲ್ಲ.

ಆ ಕೈಯ ಗುರುತು ಹೆಚ್ಚು ಸ್ಪಷ್ಟವಾಗಿ ಕಾಣುವುದು 375ರಲ್ಲಿ. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯೂ ಉಂಟು. ಕರ್ನಾಟಕ ಸಂಗೀತ ಬಲ್ಲವರಿಗೆ ಕಟಪಯಾದಿ ಗೊತ್ತು: ‘ಧೀರ’ ಎಂದರೆ 9 ಮತ್ತು 2, ತಿರುಗಿಸಿದರೆ 29, ಧೀರಶಂಕರಾಭರಣ 29ನೇ ಮೇಳ. ಹೀಬ್ರೂವಿನಲ್ಲಿ ತಿರುಗಿಸುವುದಿಲ್ಲ, ಕೂಡುತ್ತಾರೆ. ಸೊಲೊಮೋನನ ಹೆಸರಿನ ನಾಲ್ಕು ಅಕ್ಷರ ಶೀನ್ 300, ಲಾಮೆದ್ 30, ಮೇಮ್ 40, ಹೇ 5, ಮೊತ್ತ 375. ಸೊಲೊಮೋನನ ಜ್ಞಾನೋಕ್ತಿಗಳು ಎಂಬ ತಲೆಬರಹದ ಕೆಳಗಿರುವ ವಾಕ್ಯಗಳೂ 375. ಒಂದು ವಾಕ್ಯವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದರಿಂದ ಉತ್ಸಾಹಗೊಂಡು ಮುಂದೆ ಹೋದವರಿದ್ದಾರೆ. ಅಮೆರಿಕದ ವಿದ್ವಾಂಸ ಪ್ಯಾಟ್ರಿಕ್ ಸ್ಕೀಹನ್, ಮೊದಲ ವಾಕ್ಯದಲ್ಲಿ ಬರುವ ಸೊಲೊಮೋನ (375), ದಾವೀದ (14), ಇಸ್ರಾಯೇಲ್ (541) ಹೆಸರುಗಳ ಮೊತ್ತ 930 ಎಂದು ಕೂಡಿ, ಗ್ರಂಥದ ಸಾಲುಗಳನ್ನು ಆ ಮೊತ್ತಕ್ಕೆ ಹೊಂದಿಸಲು ಯತ್ನಿಸಿದರು. ವಾಕ್ಯ ಎಣಿಸಿದರೆ 915, ವ್ಯತ್ಯಾಸ 15. ಹಿಜ್ಕೀಯನ ಹೆಸರು ಆ ತಲೆಬರಹದಲ್ಲಿ ಬರೆದಿರುವಂತೆ ಕೂಡಿದರೆ 130, ಅವನ ಭಾಗದ ವಾಕ್ಯ 138, ವ್ಯತ್ಯಾಸ 8. ಇನ್ನೊಂದು ಕಾಗುಣಿತದಲ್ಲಿ 140, ವ್ಯತ್ಯಾಸ 2. ಕಾಗುಣಿತ ಬದಲಿಸಿ, ವಾಕ್ಯದ ಬದಲು ಸಾಲು ಎಣಿಸಿ ಸರಿಮಾಡುವ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. 375 ತಿದ್ದುಪಡಿ ಬೇಡದೆ ನಿಲ್ಲುತ್ತದೆ, ಉಳಿದವು ನಿಲ್ಲುವುದಿಲ್ಲ.

ಮುಂದಿನ ಅಂಕಿ 458. ಕ್ರಿ.ಶ. ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ ಹೀಬ್ರೂ ಪಾಠವನ್ನು ಸ್ವರಚಿಹ್ನೆ ಸಹಿತ ಸ್ಥಿರಗೊಳಿಸಿದ ಮಸೊರೆಟರು ಎಂಬ ಪಾಠರಕ್ಷಕರು ಪ್ರತಿ ಗ್ರಂಥದ ವಾಕ್ಯಸಂಖ್ಯೆ ಬರೆದಿಟ್ಟರು, ನಡುವಿನ ವಾಕ್ಯವನ್ನೂ ಗುರುತಿಸಿದರು. ಜ್ಞಾನೋಕ್ತಿಗಳ ನಡುವಾಕ್ಯ 16:18. ಲೆಕ್ಕ ಹಾಕಿದರೆ ಅದು 458ನೆಯದು. ಹಿಂದೆ 457, ಮುಂದೆ 457. ಬರೀ ಮೊತ್ತಕ್ಕಿಂತ ಇದು ಒಂದು ಹೆಜ್ಜೆ ಮುಂದಿನ ಕಾವಲು. ಮೊದಲರ್ಧದಿಂದ ಎರಡನೆಯದಕ್ಕೆ ಏನಾದರೂ ಜಾರಿದರೆ ನಡು ಅಲುಗುತ್ತದೆ. ಒಂದೇ ಅರ್ಧದೊಳಗೆ ಅದಲುಬದಲಾದರೆ ನಡು ಅಲುಗುವುದಿಲ್ಲ.

ನಡೆದದ್ದು ಎರಡನೆಯದೇ. ಸುಮಾರು ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಅನುವಾದದಲ್ಲಿ—ಇದು ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಬೈಬಲಿನ ಭಾಗ—24:22ರವರೆಗಿನ 701 ವಾಕ್ಯಗಳ ದೊಡ್ಡ ಅನುಕ್ರಮ ಹೀಬ್ರೂವಿನಂತೆಯೇ ಇದೆ, ಶೇ 76.6. ನಂತರ ದಾರಿ ಬೇರೆಯಾಗುತ್ತದೆ. ಆಗೂರನ ಮೊದಲ 14 ವಾಕ್ಯ, ಆಮೇಲೆ 24ನೇ ಅಧ್ಯಾಯದ ಉಳಿದ 12, ಆಮೇಲೆ ಆಗೂರನ ಉಳಿದ 19, ಲೆಮೂವೇಲನ 9, ಅವೆಲ್ಲದರ ನಂತರ ಹಿಜ್ಕೀಯನ ಜನರ 138, ಕೊನೆಗೆ 22. ಸ್ಥಳ ಬದಲಿಸಿದ ವಾಕ್ಯಗಳನ್ನು ಕನಿಷ್ಠಕ್ಕೆ ಇಳಿಸಿ ಎಣಿಸಿದರೆ 14, 19, 9 ಸೇರಿ 42. ಇದು 915ರಲ್ಲಿ ಶೇ 4.6. ಈ 42 ವಾಕ್ಯಗಳೂ ಇರುವುದು ಎರಡನೇ ಅರ್ಧದಲ್ಲಿ. ಆದ್ದರಿಂದ ಈ ಬದಲಾವಣೆಯೊಂದನ್ನೇ ತೆಗೆದುಕೊಂಡರೆ ಮೊತ್ತದ ಪರೀಕ್ಷೆಯೂ ಹಿಡಿಯುವುದಿಲ್ಲ, ನಡುವಿನ ಪರೀಕ್ಷೆಯೂ ಹಿಡಿಯುವುದಿಲ್ಲ.

ಇದು ಎಡವಟ್ಟೋ ಉದ್ದೇಶವೋ ಎಂಬುದಕ್ಕೆ ತಲೆಬರಹಗಳ ಲೆಕ್ಕ ನೆರವಾಗುತ್ತದೆ. ಹೀಬ್ರೂವಿನ ಏಳರಲ್ಲಿ ಮೂರು, ಅಂದರೆ ಶೇ 43, ಗ್ರೀಕ್‌ನಲ್ಲಿ ತಲೆಬರಹವಾಗಿ ಉಳಿದಿಲ್ಲ. 10:1ರಲ್ಲಿ ಸೊಲೊಮೋನನ ಹೆಸರು ಮತ್ತೆ ಬರುವುದಿಲ್ಲ. ಆಗೂರ, ಲೆಮೂವೇಲ ಎಂಬ ಹೆಸರುಗಳು ಸಾಮಾನ್ಯ ಪದಗಳಾಗಿ ಅನುವಾದಗೊಂಡು ಕರಗಿವೆ. ಪರಿಣಾಮವಾಗಿ ಗ್ರೀಕ್ ಓದುಗನಿಗೆ ಇಡೀ ಗ್ರಂಥ ಒಬ್ಬನೇ ಸೊಲೊಮೋನನದು. ಪರಸ್ಥಳದ ಇಬ್ಬರ ಹೆಸರು ಅಳಿದ ಭಾಗವೇ ಕೊನೆಯಿಂದ ಎದ್ದು ನಡುವೆ ಬಂದು ಕೂತಿದೆ. ಎರಡೂ ಒಟ್ಟಿಗೆ ಆಗಿರುವುದನ್ನು ಆಕಸ್ಮಿಕ ಎನ್ನುವುದು ಕಷ್ಟ. ಆದರೆ ಈ ಕ್ರಮ ಅನುವಾದಕನದೋ ಅವನ ಕೈಯಲ್ಲಿದ್ದ ಬೇರೊಂದು ಹೀಬ್ರೂ ಪ್ರತಿಯದೋ ಎಂಬ ವಾದ ಮುಗಿದಿಲ್ಲ. ಹೆಸರು ಅಳಿಸಿದವನು ಅನುವಾದಕ ಎಂದ ಮಾತ್ರಕ್ಕೆ ಹಾಳೆ ಜರುಗಿಸಿದವನೂ ಅವನೇ ಎಂದಾಗುವುದಿಲ್ಲ.

ಅನುಕ್ರಮಕ್ಕೆ ಬೀಗ ಬಿದ್ದಿರುವ ಭಾಗವೆಂದರೆ ಕೊನೆಯ 22 ವಾಕ್ಯ. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಇಲ್ಲಿ ಪ್ರತಿ ವಾಕ್ಯ ಒಂದೊಂದು ಅಕ್ಷರದಿಂದ ಕ್ರಮವಾಗಿ ಶುರುವಾಗುತ್ತದೆ. ಒಂದು ವಾಕ್ಯ ಜರುಗಿದರೂ ಕಣ್ಣಿಗೆ ಬೀಳುತ್ತದೆ. ಇದು ಗ್ರಂಥದ ಶೇ 2.4. ಉಳಿದ ಶೇ 97.6ಕ್ಕೆ ಇಂಥ ಬೀಗವಿಲ್ಲ. ನಮ್ಮ ನೆರೆಯ ತಮಿಳಿನ ತಿರುಕ್ಕುರಳಿನಲ್ಲಿ 133 ಅಧಿಕಾರ (ಅಧ್ಯಾಯ), ಒಂದೊಂದಕ್ಕೆ 10 ದ್ವಿಪದಿ, ಒಟ್ಟು 1,330. ಅಲ್ಲಿ ಒಂದು ಕುರಳ್ ಬಿಟ್ಟುಹೋದರೆ ಯಾವ ಅಧಿಕಾರದಲ್ಲಿ ಎಂದು ತಕ್ಷಣ ತಿಳಿಯುತ್ತದೆ, ಹತ್ತರೊಳಗಿನ ಹಿಂದುಮುಂದು ಮಾತ್ರ ತಿಳಿಯದು. ಸಾಲದ್ದಕ್ಕೆ ಜ್ಞಾನೋಕ್ತಿಗಳಲ್ಲಿ ಒಂದೇ ಮಾತು ಎರಡು ಕಡೆ ಬರುತ್ತದೆ: 14:12 ಮತ್ತು 16:25, 18:8 ಮತ್ತು 26:22, 21:9 ಮತ್ತು 25:24. ಒಬ್ಬನೇ ಕೂತು ಬರೆದಿದ್ದರೆ ಹೀಗೆ ಆಗುತ್ತಿರಲಿಲ್ಲ. ಬೇರೆ ಬೇರೆ ಕಟ್ಟುಗಳನ್ನು ಒಂದಾಗಿಸಿದಾಗ ಆಗುತ್ತದೆ.

ಜ್ಞಾನಿಗಳ ಮಾತುಗಳು ಎಂಬ 70 ವಾಕ್ಯಗಳ ಭಾಗದ ಕಥೆ ಈಜಿಪ್ಟಿಗೆ ಹೋಗುತ್ತದೆ. ಬ್ರಿಟಿಷ್ ಮ್ಯೂಸಿಯಮ್ಮಿನ 10474ನೇ ಪಪೈರಸ್‌ನಲ್ಲಿರುವ ‘ಅಮೆನೆಮೋಪೆಯ ಉಪದೇಶ’ 1923ರಲ್ಲಿ ಪ್ರಕಟವಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್ ಅದಕ್ಕೂ ಜ್ಞಾನೋಕ್ತಿಗಳಿಗೂ ಇರುವ ಹೋಲಿಕೆ ತೋರಿಸಿದರು. ಈಜಿಪ್ಟಿನ ಗ್ರಂಥದಲ್ಲಿ ಅಂಕಿ ಹಾಕಿದ 30 ಅಧ್ಯಾಯ. ಹೀಬ್ರೂ 22:20ರಲ್ಲಿ ಅರ್ಥ ಕೂಡದ ಒಂದು ಪದವನ್ನು ಒಂದೇ ಅಕ್ಷರ ತಿದ್ದಿ ಓದಿದರೆ ‘ಮೂವತ್ತು’ ಎಂದಾಗುತ್ತದೆ. ಹತ್ತಿರದ ಹೋಲಿಕೆಗಳು ಸಿಗುವುದು 22:17ರಿಂದ 23:11ರವರೆಗೆ, 70ರಲ್ಲಿ 24 ವಾಕ್ಯ, ಶೇ 34. ವಿಷಯ ಹೋಲುತ್ತದೆ, ಕ್ರಮ ಹೋಲುವುದಿಲ್ಲ. ಅಮೆನೆಮೋಪೆ ತನ್ನ 30ನೇ, ಅಂದರೆ ಕೊನೆಯ ಅಧ್ಯಾಯದಲ್ಲಿ ಹೇಳಿದ ‘ಮೂವತ್ತು’ ಹೀಬ್ರೂವಿನಲ್ಲಿ ನಾಲ್ಕನೇ ವಾಕ್ಯದಲ್ಲೇ ಬಂದುಬಿಡುತ್ತದೆ. ಮಾತು ಗಡಿ ದಾಟಿದೆ, ಅದರ ಜಾಗ ದಾಟಿಲ್ಲ.

ಯೋಬನ ಗ್ರಂಥದಲ್ಲಿ ಪ್ರಶ್ನೆ ಬೇರೆ ರೂಪದ್ದು. 42 ಅಧ್ಯಾಯ, 1,070 ವಾಕ್ಯ. ಮೂವರು ಗೆಳೆಯರು ಸರದಿಯಂತೆ ಮಾತಾಡುತ್ತಾರೆ, ಯೋಬ ಪ್ರತಿಯೊಬ್ಬನಿಗೂ ಉತ್ತರ ಕೊಡುತ್ತಾನೆ. ಮೊದಲ ಸುತ್ತಿನಲ್ಲಿ ಎಲೀಫಜನಿಗೆ 48 ವಾಕ್ಯ, ಬಿಲ್ದದನಿಗೆ 22, ಚೋಫರನಿಗೆ 20, ಒಟ್ಟು 90. ಎರಡನೇ ಸುತ್ತಿನಲ್ಲಿ 35, 21, 29, ಒಟ್ಟು 85. ಮೂರನೆಯದರಲ್ಲಿ 30, 6, ಸೊನ್ನೆ, ಒಟ್ಟು 36. ಎರಡನೇ ಸುತ್ತಿಗೆ ಹೋಲಿಸಿದರೆ ಶೇ 58 ಇಳಿಕೆ. ಚೋಫರ ಬಾಯಿಯನ್ನೇ ತೆರೆಯುವುದಿಲ್ಲ. ಅದೇ ಹೊತ್ತಿಗೆ ಯೋಬನ ಮಾತು 26ರಿಂದ 31ನೇ ಅಧ್ಯಾಯದವರೆಗೆ 161 ವಾಕ್ಯಕ್ಕೆ ಬೆಳೆಯುತ್ತದೆ. ಅದರೊಳಗೆ ಗೆಳೆಯರ ವಾದದಂತೆ ಕೇಳಿಸುವ ಭಾಗಗಳಿವೆ.

ಸರಿಪಡಿಸಲು ಹೊರಟವರ ಲೆಕ್ಕ ಹೀಗಿದೆ: 26:5–14ರ 10 ವಾಕ್ಯ ಬಿಲ್ದದನಿಗೆ, 27:13–23ರ 11 ವಾಕ್ಯ ಚೋಫರನಿಗೆ ಕೊಡಬೇಕು. ಆಗ ಮೂರನೇ ಸುತ್ತು 36ರಿಂದ 57ಕ್ಕೆ ಏರುತ್ತದೆ. ಇನ್ನೊಂದು ಪಕ್ಷ ಒಪ್ಪುವುದಿಲ್ಲ: 90, 85, 36 ಎಂಬ ಇಳಿಕೆಯೇ ಕವಿಯ ಉದ್ದೇಶ, ಗೆಳೆಯರ ಸರಕು ಮುಗಿದಿದೆ ಎನ್ನುತ್ತದೆ. 1956ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ 11ನೇ ಗುಹೆಯಲ್ಲಿ ಸಿಕ್ಕ ಯೋಬನ ಅರಮಾಯಿಕ್ ಅನುವಾದ ಎರಡನೇ ಪಕ್ಷಕ್ಕೆ ಸ್ವಲ್ಪ ಬಲ ಕೊಟ್ಟಿತು. ಅದರ ಉಳಿದ ತುಣುಕುಗಳಲ್ಲಿ ಕ್ರಮ ಇಂದಿನ ಹೀಬ್ರೂವಿನದೇ. ಅಸ್ತವ್ಯಸ್ತವಾಗಿದ್ದರೆ ಅದು ಆ ಪ್ರತಿಗಿಂತ ಹಿಂದೆಯೇ ಆಗಿರಬೇಕು. ಇತ್ತ ಹಳೆಯ ಗ್ರೀಕ್ ಯೋಬ ಹೀಬ್ರೂವಿಗಿಂತ ಸುಮಾರು ಆರನೇ ಒಂದು ಭಾಗ ಚಿಕ್ಕದು.

ಎಲೀಹು ಎಂಬ ನಾಲ್ಕನೆಯವನ ಮಾತು 32–37ನೇ ಅಧ್ಯಾಯ, 165 ವಾಕ್ಯ, ಗ್ರಂಥದ ಶೇ 15.4. ಪೀಠಿಕೆಯಲ್ಲಿ ಅವನ ಹೆಸರಿಲ್ಲ. ಕೊನೆಯಲ್ಲಿ ದೇವರು ಗೆಳೆಯರನ್ನು ಗದರಿಸುವಾಗಲೂ ಇಲ್ಲ. ನಂತರ ಸೇರಿದ ಭಾಗ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸಾಲಿನ ಅಳತೆಯಲ್ಲಿ ಇದು ಅಂದಾಜು 278 ಸಾಲು, 69 ದಿನಾರಿ, ಮೂರು ದಿನಕ್ಕೂ ಕಡಿಮೆ ಕೂಲಿ. ಕುಲಗೋಡದ ಲೆಕ್ಕದಲ್ಲಿ, 2025–26ರ ದರಕ್ಕೆ, 1,027 ರೂಪಾಯಿ. ಸೇರಿಸಿದರೆ ಹೆಚ್ಚುವರಿ ಖರ್ಚಾದರೂ ಬರುತ್ತದೆ. ಜ್ಞಾನೋಕ್ತಿಗಳ 42 ವಾಕ್ಯ ಜರುಗಿಸಿದ್ದಕ್ಕೆ ಹೆಚ್ಚುವರಿ ಖರ್ಚು ಸೊನ್ನೆ.

ಸೊನ್ನೆ ಖರ್ಚಿನ ಇನ್ನೊಂದು ಉದಾಹರಣೆ ಸಿರಾಖ, 51 ಅಧ್ಯಾಯದ ಗ್ರಂಥ. ಕಥೋಲಿಕರ 46 ಗ್ರಂಥಗಳ ಹಳೆಯ ಒಡಂಬಡಿಕೆಯಲ್ಲಿ ಇದು ಉಂಟು, ಪ್ರೊಟೆಸ್ಟೆಂಟರ 39ರಲ್ಲಿ ಇಲ್ಲ. ಗ್ರೀಕ್ ಹಸ್ತಪ್ರತಿಗಳಲ್ಲಿ 30:25ರಿಂದ 33:13ರ ಮೊದಲ ಭಾಗದವರೆಗಿನ ಪಾಠ ಮತ್ತು ಅಲ್ಲಿಂದ 36:16ರ ಮೊದಲ ಭಾಗದವರೆಗಿನ ಪಾಠ ಅದಲುಬದಲಾಗಿವೆ. ಎರಡು ತುಂಡುಗಳ ಗಾತ್ರ ಹತ್ತಿರಹತ್ತಿರ ಒಂದೇ. ಗಾತ್ರ ಒಂದೇ ಆಗಿರುವುದೇ ಕಾರಣವನ್ನು ಹೇಳುತ್ತದೆ: ಮೂಲಪ್ರತಿಯೊಂದರ ಎರಡು ಮಡಿಕೆಗಳು ಹೊಲಿಯುವಾಗ ಹಿಂದುಮುಂದಾಗಿವೆ, ಅದರಿಂದ ಇಳಿದ ಪ್ರತಿಗಳೆಲ್ಲ ಅದನ್ನೇ ನಕಲು ಮಾಡಿವೆ. ಲ್ಯಾಟಿನ್ ಮತ್ತು ಸಿರಿಯಾಕ್ ಅನುವಾದಗಳಲ್ಲಿ ಸರಿಯಾದ ಕ್ರಮ ಉಳಿದಿತ್ತು. 1896ರಿಂದ ಕೈರೋದ ಯೆಹೂದಿ ಮಂದಿರದ ಹಳೆಯ ಕಾಗದಗಳ ಕೋಣೆಯ ಹಾಳೆಗಳು ಹೊರಬಂದು, 1964ರಲ್ಲಿ ಮಸಾದಾ ಕೋಟೆಯ ಸುರುಳಿ ಸಿಕ್ಕು, ಇಂದು ಸುಮಾರು ಮೂರನೇ ಎರಡು ಭಾಗದಷ್ಟು ಹೀಬ್ರೂ ಪಾಠ ಕೈಯಲ್ಲಿದೆ. ಓಲೆಗರಿಯ ಕಟ್ಟು ಬಿಚ್ಚಿ ಮತ್ತೆ ದಾರ ಪೋಣಿಸಿದವರಿಗೆ ಈ ತಪ್ಪನ್ನು ವಿವರಿಸಿ ಹೇಳಬೇಕಿಲ್ಲ.

ಪ್ರಸಂಗಿಯ ವಿಷಯ ಬೇಗ ಮುಗಿಯುತ್ತದೆ. 222 ವಾಕ್ಯ, 111ನೆಯದು 6:9, ಅಲ್ಲಿಗೆ ಮೊದಲರ್ಧ ಮುಗಿಯಿತು. ಕನ್ನಡ ಬೈಬಲ್ ‘ವ್ಯರ್ಥ’ ಎನ್ನುವ ಪದದ ಹೀಬ್ರೂ ಬೆಲೆ 37. ಆರಂಭದ ವಾಕ್ಯದಲ್ಲಿ ಅದು ಏಕವಚನದಲ್ಲಿ ಮೂರು ಸಲ ಬರುತ್ತದೆ, 37ರ ಮೂರು ಪಟ್ಟು 111. ಅಡಿಸನ್ ರೈಟ್ ಎಂಬ ವಿದ್ವಾಂಸರು ಇದರ ಮೇಲೆ ಗ್ರಂಥದ ನಕ್ಷೆಯನ್ನೇ ಕಟ್ಟಿದರು. ಆದರೆ ವಾಕ್ಯಗಳ ಗಡಿ ನಮಗೆ ಬಂದಿರುವುದು ಗ್ರಂಥ ಹುಟ್ಟಿ ಶತಮಾನಗಳ ಮೇಲೆ ದುಡಿದ ಮಸೊರೆಟರ ಕೈಯಿಂದ. ಅಷ್ಟು ಭಾರ ಹೊರುವ ಶಕ್ತಿ ಆ ಅಂಕಿಗೆ ಇಲ್ಲ.

ಕನ್ನಡದಲ್ಲಿ ಕ್ರಮದ ಇದೇ ಪ್ರಶ್ನೆ ಎದುರಿಸಿದವರಲ್ಲಿ ಒಬ್ಬರು ಈ ಗ್ರಂಥಗಳನ್ನು ಓದಿ ಬೆಳೆದವರೇ. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪ (1881–1962) 1924ರಲ್ಲಿ ‘ಸರ್ವಜ್ಞನ ವಚನಗಳು’ ಸಂಪಾದಿಸಿದರು. ಸರ್ವಜ್ಞನ ಹೆಸರಿನಲ್ಲಿ ಇಂದು ಚಲಾವಣೆಯಲ್ಲಿರುವ ತ್ರಿಪದಿಗಳು ಸುಮಾರು 2,100. ಅದೇ ಹೆಸರಿನ ಒಂದು ತ್ರಿಪದಿಯ ಪ್ರಕಾರ ಅವನು ಹೇಳಿದ್ದು ಏಳು ಕೋಟಿಗೂ ಮೇಲೆ. ಆ ಲೆಕ್ಕ ನಿಜವಾಗಿದ್ದರೆ ಉಳಿದದ್ದು ಶೇ 0.003. ಕೊನೆಯ ‘ಸರ್ವಜ್ಞ’ ಎಂಬ ಅಂಕಿತ ಇದು ಯಾರದು ಎಂದು ಹೇಳುತ್ತದೆ, ಎಷ್ಟನೆಯದು ಎಂದು ಹೇಳುವುದಿಲ್ಲ. ಆದ್ದರಿಂದ ವಿಷಯವಾರು ವಿಂಗಡಣೆ ಸಂಪಾದಕರ ಕೆಲಸವಾಗಿಯೇ ಉಳಿಯಿತು. ಹಿಜ್ಕೀಯನ ಜನರು ಮಾಡಿದ್ದನ್ನೇ ಉತ್ತಂಗಿಯವರು ಮಾಡಿದರು; ಒಂದು ವ್ಯತ್ಯಾಸ, ಅವರು ಹೆಸರು ಮತ್ತು ಇಸವಿ ಹಾಕಿದರು.

ಬಸವಣ್ಣನವರ ವಚನಗಳಲ್ಲಿ ಮೊತ್ತವೂ ಬದಲಾಗಿದೆ. ಶಿ.ಶಿ. ಬಸವನಾಳರ ಷಟ್‌ಸ್ಥಲ ಆವೃತ್ತಿಯಲ್ಲಿ 961, ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕರಾಗಿದ್ದ, 1993ರ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ 1,414. ಏರಿಕೆ 453, ಶೇ 47. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ವಿಂಗಡಣೆ ಓದುಗನಿಗೆ ಸಾಧಕನೊಬ್ಬನ ಏರುಮೆಟ್ಟಿಲಿನಂತೆ ಕಾಣುತ್ತದೆ. ವಚನಗಳನ್ನು ಆ ಮೆಟ್ಟಿಲುಗಳ ಮೇಲೆ ಇಟ್ಟದ್ದು 12ನೇ ಶತಮಾನವಲ್ಲ, ನಂತರದ ಸಂಕಲನಕಾರರು.

ಯೋಬನಿಗೆ ಕನ್ನಡದಲ್ಲಿ ಹತ್ತಿರದ ಜೋಡಿ ಶೂನ್ಯಸಂಪಾದನೆ. 12ನೇ ಶತಮಾನದ ಶರಣರ ವಚನಗಳನ್ನು 15–16ನೇ ಶತಮಾನದ ಸಂಕಲನಕಾರರು ಸಂವಾದವಾಗಿ ಹೆಣೆದರು. ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಕೃತಿಯಲ್ಲಿ 1,012 ವಚನ. ಹಲಗೆಯಾರ್ಯನ ಕೃತಿಯಲ್ಲಿ 1,599, ಶೇ 58 ಹೆಚ್ಚು. ಗೂಳೂರು ಸಿದ್ಧವೀರಣ್ಣೊಡೆಯನಲ್ಲಿ 1,543, ಹಲಗೆಯಾರ್ಯನಿಗಿಂತ 56 ಕಡಿಮೆ. ಅಲ್ಲಮನ ಒಂದು ಮಾತು ಯಾರ ಪ್ರಶ್ನೆಗೆ ಉತ್ತರವಾಗಿ ಬಂತು ಎಂಬುದು ಇಲ್ಲಿ ಸಂಕಲನಕಾರನ ತೀರ್ಮಾನ. ಯೋಬನ ವಿಷಯದಲ್ಲಿ 21 ವಾಕ್ಯ ಯಾರ ಬಾಯಿಗೆ ಸೇರಬೇಕು ಎಂದು ಊಹಿಸಬೇಕಾಗಿದೆ. ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಕೃತಿ ಉಳಿದಿವೆ, ಪಕ್ಕದಲ್ಲಿಟ್ಟು ನೋಡಬಹುದು. ಯೋಬನ ಈ ಭಾಗದಲ್ಲಿ ಹೀಬ್ರೂ ವಿದ್ವಾಂಸರಿಗೆ ಈ ಭಾಗ್ಯ ಸಿಕ್ಕಿಲ್ಲ.

ಕೊನೆಗೆ ಕುಲಗೋಡ. ಈ ಊರಿನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಗೆ ಬಂದಿರುವುದು ಕುಲಗೋಡ ತಮ್ಮಣ್ಣನಿಂದ, ಅವನ ‘ಶ್ರೀಕೃಷ್ಣ ಪಾರಿಜಾತ’ದಿಂದ. ಇಲ್ಲಿಯ ಅಂಕಿ ಎರಡು: ಒಂದು ಆಟ, ಇಬ್ಬರು ತಮ್ಮಣ್ಣ. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನ ಕೃತಿಯನ್ನು 19ನೇ ಶತಮಾನದಲ್ಲಿ ಕುಲಗೋಡದ ತಮ್ಮಣ್ಣ ರಂಗಕ್ಕೆ ಹೊಂದಿಸಿ ಬೆಳೆಸಿದ. ಕೌಜಲಗಿ ನಿಂಗಮ್ಮನಂಥ ಕಲಾವಿದರು ಅದನ್ನು ಊರೂರಿಗೆ ಒಯ್ದರು. ಬೆಳಗಿನವರೆಗೆ ನಡೆಯುವ ಆಟದಲ್ಲಿ ಗೊಲ್ಲತಿಯ ಪ್ರಸಂಗ, ಕೊರವಂಜಿಯ ಪ್ರಸಂಗ ಮೇಳದಿಂದ ಮೇಳಕ್ಕೆ ಹಿಗ್ಗುತ್ತವೆ, ಕುಗ್ಗುತ್ತವೆ. ಯಾವ ಪದ ಯಾವ ತಮ್ಮಣ್ಣನದು, ಯಾವುದು ಆಡುವವರು ಕೂಡಿಸಿದ್ದು ಎಂದು ಬೇರ್ಪಡಿಸಲು ಅಚ್ಚಾದ ಪುಸ್ತಕ ಸಾಲದು. ಮೇಳದವರ ಕೈಬರಹದ ವಹಿಗಳು ಬೇಕು.

ಅಂಥ ವಹಿ, ಓಲೆಗರಿಯ ಕಟ್ಟು ಕುಲಗೋಡ, ಗೋಕಾಕ, ಹುಕ್ಕೇರಿ ಸೀಮೆಯ ಯಾವುದೇ ಮನೆಯ ಅಟ್ಟದಲ್ಲಿದ್ದರೆ, ಬಿಚ್ಚುವ ಮೊದಲು ಅದು ಇದ್ದ ಹಾಗೆಯೇ ಒಂದು ಫೋಟೋ ತೆಗೆಯಿರಿ. ಆಮೇಲೆ ಹಾಳೆ ಬಿಡಿಸುತ್ತ ಒಂದೊಂದರ ಫೋಟೋ ತೆಗೆದು, ಅವು ಇದ್ದ ಕ್ರಮದ ಅಂಕಿಯನ್ನು ಬೇರೆ ಕಾಗದದಲ್ಲಿ ಬರೆದಿಡಿ, ಮೂಲದ ಮೇಲೆ ಬರೆಯಬೇಡಿ. ಕ್ರಮ ತಪ್ಪಿದೆ ಎಂದು ಅನ್ನಿಸಿದರೂ ನೀವಾಗಿ ಸರಿಮಾಡಲು ಹೋಗಬೇಡಿ. 100 ಹಾಳೆಗೆ ಬೇಕಾಗುವುದು ಒಂದು ಮೊಬೈಲು, ಒಂದು ಮಧ್ಯಾಹ್ನ.